ಕದನ ನಿಂತ ಮೇಲೆ ಕಾಲೇಜಿಗೆ ಬಂದ ಯುದ್ಧ

ಚನ್ನಗಿರಿ, ಹೊನ್ನಾಳಿ ಅಥವಾ ಜಗಳೂರಿನ ಪದವಿ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹತ್ತಿರದ ಯಾವುದಾದರೂ ಹಳ್ಳಿಯಲ್ಲಿ ಏಳು ದಿನ ಬೀಡುಬಿಡುತ್ತಾರೆ. ಬೆಳಿಗ್ಗೆ ಚರಂಡಿಯ ಹೂಳು ತೆಗೆಯುತ್ತಾರೆ, ಶಾಲೆಯ ಅಂಗಳ ಹಸನು ಮಾಡುತ್ತಾರೆ, ರಾತ್ರಿ ಊರವರ ಮುಂದೆ ಹಾಡಿ ಕುಣಿಯುತ್ತಾರೆ. ಇದು ಎನ್‌ಎಸ್‌ಎಸ್‌, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ. ಈ ಶಿಬಿರಕ್ಕೂ 1962ರಲ್ಲಿ ಹಿಮಾಲಯದ ಗಡಿಯಲ್ಲಿ ಚೀನಾದೊಡನೆ ನಡೆದ ಯುದ್ಧಕ್ಕೂ ನಂಟಿದೆ ಎಂದರೆ ಸಲಿಕೆ ಹಿಡಿದ ಹುಡುಗರು ನಕ್ಕುಬಿಟ್ಟಾರು. ಆದರೆ ನಂಟಿರುವುದು ನಿಜ. ಅದರ ಎಳೆ ಹಿಡಿದು ಹೋದರೆ, ಯುದ್ಧಕಾಲದಲ್ಲಿ ಸಣ್ಣ ಕಾಲೇಜೊಂದರ ದಿನಚರಿಗೆ ಏನಾಗುತ್ತದೆ ಎಂಬುದೂ ಕಾಣುತ್ತದೆ.

ಯುದ್ಧ ಕಾಲೇಜನ್ನು ಮುಟ್ಟುವುದು ಎರಡು ಬಗೆಯಲ್ಲಿ. ಒಂದು, ನೇರವಾಗಿ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ ವೈದ್ಯಕೀಯ ವಿದ್ಯಾರ್ಥಿ ನಮ್ಮ ನೆರೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. ಮೂರು ವಾರದ ನಂತರ ಊರಿಗೆ ಬಂದ ಆತನ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆತ ಓದುತ್ತಿದ್ದ ಕಾಲೇಜಿನ ಊರೇ ರಣರಂಗವಾಗಿತ್ತು. ಎರಡನೆಯ ಬಗೆ ಇಷ್ಟು ಕಣ್ಣಿಗೆ ಬೀಳುವುದಿಲ್ಲ. ಗುಂಡಿನ ಸದ್ದು ಸಾವಿರಾರು ಮೈಲಿ ಆಚೆ ಇರುತ್ತದೆ. ಕಾಲೇಜಿಗೆ ಬರುವುದು ಅದರ ಹಿಂದಿನಿಂದ ಹೊರಟ ಸುತ್ತೋಲೆ ಮಾತ್ರ. ನಮ್ಮ ಸೀಮೆ ಹೆಚ್ಚಾಗಿ ಕಂಡದ್ದು ಈ ಎರಡನೆಯದನ್ನು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ತಾಲ್ಲೂಕುಗಳು ಈಗಿನ ದಾವಣಗೆರೆ ಜಿಲ್ಲೆಯಲ್ಲಿರಲಿಲ್ಲ. ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಶುರುವಾದದ್ದು 1940ರಲ್ಲಿ. ಇಂಟರ್‌ಮೀಡಿಯೆಟ್ ಎಂದರೆ ಹೈಸ್ಕೂಲಿಗೂ ಪದವಿಗೂ ನಡುವಿನ ಎರಡು ವರ್ಷ, ಇಂದಿನ ಪಿಯುಸಿಗೆ ಹತ್ತಿರದ್ದು. ಮುಂದೆ ಸಹ್ಯಾದ್ರಿ ಕಾಲೇಜು ಎಂದು ಹೆಸರಾದ ಆ ಸಂಸ್ಥೆ ಹೀಗೆ ಯುದ್ಧದ ನಡುವೆಯೇ ಕಣ್ಣುಬಿಟ್ಟಿತು.

ಆ ಯುದ್ಧ ಹಳ್ಳಿಯ ವಿದ್ಯಾರ್ಥಿಗೆ ಮೊದಲು ತಟ್ಟಿದ್ದು ಊಟದ ತಟ್ಟೆಯಲ್ಲಿ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಬೆಲೆ ಏರಿತು, ಧಾನ್ಯಕ್ಕೆ ಹಂಚಿಕೆ ವ್ಯವಸ್ಥೆ ಬಂತು. ಬಡ ಹುಡುಗರು ಪೇಟೆಯಲ್ಲಿ ಓದುತ್ತಿದ್ದುದು ವಾರಾನ್ನದ ಬಲದಿಂದ: ದಿನಕ್ಕೊಂದು ಮನೆಯಂತೆ ವಾರವಿಡೀ ಊಟ. ಪಡಿತರ ಮನೆಯ ತಲೆಯೆಣಿಕೆಯ ಮೇಲೆ ಸಿಗುವಾಗ, ಮಂಗಳವಾರಕ್ಕೊಮ್ಮೆ ಬಂದು ಕೂರುವ ಹುಡುಗ ಯಾವ ತಲೆಯ ಲೆಕ್ಕಕ್ಕೂ ಸೇರುವುದಿಲ್ಲ. ಆ ಮನೆಯ ಯಜಮಾನಿಗೆ ಎಷ್ಟೇ ಮನಸ್ಸಿದ್ದರೂ ಅಳೆಯುವ ಪಾವು ದೊಡ್ಡದಾಗುವುದಿಲ್ಲವಲ್ಲ. ಹಾಸ್ಟೆಲುಗಳ ಪಾಡೂ ಇದೇ. ಜೊತೆಗೆ ಕಾಗದದ ಅಭಾವ. ಆ ವರ್ಷಗಳಲ್ಲಿ ಅಚ್ಚಾದ ಕನ್ನಡ ಪುಸ್ತಕಗಳನ್ನು ಹಳೆಯ ಗ್ರಂಥಾಲಯದಲ್ಲಿ ಕೈಗೆತ್ತಿಕೊಂಡರೆ, ಮುಟ್ಟಿದರೆ ಪುಡಿಯಾಗುವ ಕಂದು ಹಾಳೆಗಳೇ ಕಥೆ ಹೇಳುತ್ತವೆ.

ಅಧ್ಯಾಪಕರದ್ದು ಬೇರೆ ಬಗೆಯ ಇಕ್ಕಟ್ಟು. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಮೈಸೂರು ಸಂಸ್ಥಾನದ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಹೊನ್ನಾಳಿಯ ಪಕ್ಕದ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಸರ್ಕಾರಿ ಕಾಲೇಜಿನ ಮೇಷ್ಟರ ಸಂಬಳ ಬರುತ್ತಿದ್ದುದು ಬ್ರಿಟಿಷರ ಯುದ್ಧಕ್ಕೆ ಬೆಂಬಲವಾಗಿ ನಿಂತಿದ್ದ ಸಂಸ್ಥಾನದ ಖಜಾನೆಯಿಂದ. ಎದುರಿನ ಬೆಂಚಿನಲ್ಲಿ ಕೂತವರು ಇಂಥ ಹಳ್ಳಿಗಳ ಮಕ್ಕಳು. ಹಾಜರಿ ಕರೆಯುವುದೂ ಆಗ ರಾಜಕೀಯವೇ.

ಈಗ 1962ಕ್ಕೆ ಬರೋಣ. ಚೀನಾ ದಾಳಿ ಆರಂಭವಾದದ್ದು ಅಕ್ಟೋಬರ್ 20ರಂದು. ನವೆಂಬರ್ 21ಕ್ಕೆ ಕದನವಿರಾಮ. ಕಾಳಗ ನಡೆದದ್ದು ಒಟ್ಟು ಒಂದು ತಿಂಗಳು. ಆದರೆ ಅಕ್ಟೋಬರ್ 26ರಂದು ಘೋಷಿಸಿದ ರಾಷ್ಟ್ರೀಯ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದದ್ದು 1968ರ ಜನವರಿ 10ರವರೆಗೆ. ಸೋಲಿನ ಕಹಿಯಲ್ಲಿ ಸರ್ಕಾರ ಕೈಗೊಂಡ ನಿರ್ಧಾರಗಳಲ್ಲಿ ಒಂದು ನೇರವಾಗಿ ಕಾಲೇಜುಗಳಿಗೆ ಸಂಬಂಧಿಸಿದ್ದು. ಎನ್‌ಸಿಸಿ, ಅಂದರೆ ವಿದ್ಯಾರ್ಥಿಗಳಿಗೆ ಸೈನಿಕ ಶಿಸ್ತಿನ ಪ್ರಾಥಮಿಕ ತರಬೇತಿ ಕೊಡುವ ದಳ, 1948ರಿಂದಲೂ ಇತ್ತು. ಆದರೆ ಬೇಕಾದವರು ಮಾತ್ರ ಸೇರುತ್ತಿದ್ದರು. 1963ರ ಜುಲೈನಿಂದ ಅದು ಕಾಲೇಜಿನ ಗಂಡುಹುಡುಗರಿಗೆಲ್ಲ ಕಡ್ಡಾಯವಾಯಿತು. ಗಡಿಯಲ್ಲಿ ಬಂದೂಕು ಸುಮ್ಮನಾಗಿ ಎಂಟು ತಿಂಗಳಾದ ಮೇಲೆ ಕಾಲೇಜಿನ ಮೈದಾನದಲ್ಲಿ ಬೂಟುಗಾಲಿನ ಸದ್ದು ಶುರುವಾಯಿತು.

ಶಿವಮೊಗ್ಗ, ದಾವಣಗೆರೆಗಳ ಕಾಲೇಜಿಗೆ ಬಂದ ಹಳ್ಳಿಯ ಹುಡುಗನಿಗೆ ಇದು ಹೊಸ ಲೋಕ. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಬಟ್ಟೆ, ಉಜ್ಜಿ ಹೊಳೆಯಿಸಬೇಕಾದ ಹಿತ್ತಾಳೆಯ ಬಕಲ್ಲು, ಕಾಲು ಕಚ್ಚುವ ಬೂಟು. ಆಜ್ಞೆಗಳೆಲ್ಲ ಹಿಂದಿಯಲ್ಲಿ. ಜಗಳೂರಿನ ಬೆದ್ದಲು ಸೀಮೆಯಲ್ಲಿ ಬೆಳೆದವನಿಗೆ ‘ಸಾವಧಾನ್‌’ ಎಂದರೆ ನಿಧಾನಿಸು ಎಂದೇ ಕೇಳಿಸಬೇಕು. ಅಲ್ಲಿ ಅದರ ಅರ್ಥ ನೆಟ್ಟಗೆ ನಿಲ್ಲು. ಈ ಭಾಷೆಯ ವಿಷಯ ತಮಿಳುನಾಡಿನಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಎನ್‌ಸಿಸಿಯಲ್ಲಿ ಹಿಂದಿ ಆಜ್ಞೆಗಳನ್ನು ಕೈಬಿಡಬೇಕೆಂದು ಅಲ್ಲಿನ ವಿಧಾನಸಭೆ 1968ರ ಜನವರಿಯಲ್ಲಿ ನಿರ್ಣಯವನ್ನೇ ಅಂಗೀಕರಿಸಿತು. ಪೆರೇಡು ಮುಗಿದ ಮೇಲೆ ಕೊಡುವ ತಿಂಡಿಯ ಬಗ್ಗೆ ಮಾತ್ರ ಯಾವ ಪ್ರಾಂತ್ಯದಲ್ಲೂ ತಕರಾರಿರಲಿಲ್ಲ. 1965ರ ಪಾಕಿಸ್ತಾನ ಯುದ್ಧ ಮತ್ತು ಅದರ ಬೆನ್ನಿಗೇ ಬಿದ್ದ ಬರದ ದಿನಗಳಲ್ಲಿ, ಸೋಮವಾರ ಸಂಜೆಯ ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಕರೆ ಕೊಟ್ಟಿದ್ದಾಗ, ಆ ತಿಂಡಿಗೆ ಇನ್ನಷ್ಟು ಬೆಲೆ.

ಇಲ್ಲಿ ಒಂದು ಪ್ರಶ್ನೆ: ಇಷ್ಟೆಲ್ಲ ಹುಡುಗರಿಗೆ ತರಬೇತಿ ಕೊಟ್ಟವರು ಯಾರು? ಸೈನ್ಯದಿಂದ ಕೆಲವು ಅಧಿಕಾರಿಗಳು, ಹವಾಲ್ದಾರರು ಬರುತ್ತಾರೆ. ಆದರೆ ಕಾಲೇಜಿನೊಳಗೆ ದಳದ ಹೊಣೆ ಹೊರುವವರು ಅಲ್ಲಿನ ಅಧ್ಯಾಪಕರೇ. ಇತಿಹಾಸ ಅಥವಾ ಸಸ್ಯಶಾಸ್ತ್ರ ಕಲಿಸುವವರೊಬ್ಬರು ತರಬೇತಿ ಪಡೆದು, ಲೆಫ್ಟಿನೆಂಟ್ ದರ್ಜೆ ಹೊತ್ತು ಹಿಂತಿರುಗುತ್ತಾರೆ. ಇಂದಿಗೂ ಇದೇ ಪದ್ಧತಿ. ನಾಗಪುರದ ಬಳಿಯ ಕಾಮ್ಟಿಯಲ್ಲಿ ಇದಕ್ಕಾಗಿಯೇ ಅಕಾಡೆಮಿಯಿದೆ. ಆಮೇಲೆ ವಾರದ ಪೆರೇಡು, ವರ್ಷದ ಕ್ಯಾಂಪು, ಸಮವಸ್ತ್ರದ ದಾಸ್ತಾನು, ತಿಂಡಿಯ ಲೆಕ್ಕ.

ಸಣ್ಣ ಕಾಲೇಜಿಗೂ ದೊಡ್ಡ ಕಾಲೇಜಿಗೂ ವ್ಯತ್ಯಾಸ ಬೀಳುವುದು ಇಲ್ಲಿಯೇ. ಒಂದು ವಿಷಯಕ್ಕೆ ಹತ್ತು ಜನ ಅಧ್ಯಾಪಕರಿರುವಲ್ಲಿ ಒಬ್ಬರು ಹತ್ತು ದಿನ ಕ್ಯಾಂಪಿಗೆ ಹೋದರೆ ಉಳಿದ ಒಂಬತ್ತು ಮಂದಿ ಪಾಠಗಳನ್ನು ಹಂಚಿಕೊಳ್ಳುತ್ತಾರೆ, ಯಾರಿಗೂ ಭಾರವಾಗದು. ಇಬ್ಬರೇ ಇರುವಲ್ಲಿ ಉಳಿದವರ ಕೆಲಸ ಇಮ್ಮಡಿ. ಒಬ್ಬರೇ ಇದ್ದರೆ ಆ ವಿಷಯವೇ ಹತ್ತು ದಿನ ನಿಲ್ಲುತ್ತದೆ. ದೆಹಲಿಯಿಂದ ಹೊರಟ ಸುತ್ತೋಲೆಯಲ್ಲಿ ಎಲ್ಲ ಕಾಲೇಜುಗಳೂ ಸಮ. ಸ್ಟಾಫ್ ರೂಮಿನ ಕುರ್ಚಿಗಳನ್ನು ಅದು ಎಣಿಸಿರುವುದಿಲ್ಲ. ಹುಡುಗರ ಸಂಖ್ಯೆ ಒಮ್ಮೆಲೇ ಏರಿದಾಗ ಅಧಿಕಾರಿಗಳು, ಬಂದೂಕುಗಳು, ಬಟ್ಟೆ ಅದೇ ವೇಗದಲ್ಲಿ ಏರಲಿಲ್ಲ. ತರಬೇತಿ ತೆಳುವಾಯಿತು. ಮನಸ್ಸಿಲ್ಲದವರನ್ನು ಸಾಲಿನಲ್ಲಿ ನಿಲ್ಲಿಸಬಹುದು, ಸೈನಿಕರನ್ನಾಗಿ ಮಾಡಲಾಗದು ಎಂಬುದೂ ಕಂಡುಬಂತು.

ಆದ್ದರಿಂದ ಪರ್ಯಾಯದ ಹುಡುಕಾಟ ಶುರುವಾಯಿತು. 1967ರಲ್ಲಿ ರಾಜ್ಯಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ದಾರಿ ಸೂಚಿಸಿತು: ಎನ್‌ಸಿಸಿ ಐಚ್ಛಿಕವಾಗಲಿ, ಅದು ಬೇಡವಾದವರಿಗೆ ಸಮಾಜಸೇವೆಯ ಯೋಜನೆಯೊಂದಿರಲಿ. 1968ರಲ್ಲಿ ಕಡ್ಡಾಯ ಹೋಯಿತು. ಮರುವರ್ಷ, ಗಾಂಧಿ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ಎನ್‌ಎಸ್‌ಎಸ್ ಆರಂಭವಾಯಿತು. ಎರಡು ವರ್ಷದಲ್ಲಿ 240 ಗಂಟೆಯ ಸೇವೆ, ಜೊತೆಗೆ ಏಳು ದಿನದ ಶಿಬಿರ. ಕೈಯಲ್ಲಿ ಬಂದೂಕಿನ ಬದಲು ಸಲಿಕೆ ಬಂದದ್ದು ಹೀಗೆ.

ಈಗ ಚನ್ನಗಿರಿ, ಹೊನ್ನಾಳಿ, ಜಗಳೂರಿನಲ್ಲೇ ಸರ್ಕಾರಿ ಪದವಿ ಕಾಲೇಜುಗಳಿವೆ. ಓದಲು ಶಿವಮೊಗ್ಗಕ್ಕೆ ಹೋಗಿ ವಾರಾನ್ನ ಹುಡುಕಬೇಕಿಲ್ಲ. ಎನ್‌ಸಿಸಿಯ ಸಿ ಪ್ರಮಾಣಪತ್ರ ಪಡೆದ ಪದವೀಧರರಿಗೆ ಸೈನ್ಯದ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಹೋಗುವ ವಿಶೇಷ ದಾರಿಯೂ ಇದೆ. ಆದರೆ 2020ರಲ್ಲಿ ಪ್ರಕಟವಾದ ಎನ್‌ಸಿಸಿಯ ದೊಡ್ಡ ವಿಸ್ತರಣೆ ಗಡಿ ಮತ್ತು ಕರಾವಳಿಯ 173 ಜಿಲ್ಲೆಗಳಿಗಾಗಿ. ನಮ್ಮದು ಗಡಿಯೂ ಅಲ್ಲ, ಕರಾವಳಿಯೂ ಅಲ್ಲ. 2021ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಎನ್‌ಸಿಸಿಯನ್ನು ಐಚ್ಛಿಕ ಪಠ್ಯವಾಗಿ ಬೋಧಿಸಬಹುದೆಂದು ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ಒಳ್ಳೆಯದೇ. ನನ್ನ ಅಳುಕು ಹಳೆಯ ಕುರ್ಚಿಗಳ ಲೆಕ್ಕದ ಬಗ್ಗೆ ಮಾತ್ರ. ಇಂಥ ಹೊಣೆಗಳು ಸಾಮಾನ್ಯವಾಗಿ ಬೀಳುವುದು ಕಾಯಂ ಅಧ್ಯಾಪಕರ ಮೇಲೆ. ತಾಲ್ಲೂಕು ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಹೊಸ ಆದೇಶ ಹೊರಡಿಸುವ ಮುನ್ನ, ಅದನ್ನು ನಡೆಸುವ ಒಂದು ಹುದ್ದೆಯನ್ನೂ ಮಂಜೂರು ಮಾಡುವುದು ಅತಿಯಾಸೆಯೇನಲ್ಲ. ಶಿಬಿರದ ಏಳನೆಯ ದಿನ ಪಾತ್ರೆಗಳನ್ನು ಎಣಿಸಿ, ದಿನಸಿಯ ಬಿಲ್ಲುಗಳನ್ನು ಜೇಬಿಗಿಳಿಸಿ, ಕೊನೆಯ ಬಸ್ಸಿಗೆ ಹತ್ತುವ ಅಧ್ಯಾಪಕರಿಗೆ ಮರುದಿನ ಬೆಳಿಗ್ಗೆ ಮೊದಲ ಪೀರಿಯಡ್ಡೇ ತರಗತಿ ಇರುತ್ತದೆ.