ಬೆಕ್ಕಿನ ಕಿವಿಯ ಹಕ್ಕಳೆ

ಮಕ್ಕಳೇ, ಬೆಕ್ಕಿನ ಕಿವಿ, ಮೂಗು, ಉಗುರಿನ ಬುಡದಲ್ಲಿ ಹಕ್ಕಳೆ ಕಟ್ಟಿದೆಯೇ? ಅಜ್ಜಿ ‘ಕಜ್ಜಿ’ ಎಂದು ಬೇವಿನೆಣ್ಣೆ ತಂದಾರು. ಅಜ್ಜಿ, ತುಸು ತಡೆಯಿರಿ. ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ! ಅದು ಪೆಂಫಿಗಸ್ ಇರಬಹುದು: ರೋಗ ತಡೆಯಬೇಕಾದ ಶಕ್ತಿಯೇ ಸ್ವಂತ ಚರ್ಮದ ಮೇಲೆ ತಿರುಗಿ ಬೀಳುವ ಕಾಯಿಲೆ. ಇದು ಅಂಟುವುದಿಲ್ಲ. ಹಾಗೇ ಕಾಣುವ ಹುಳುಕಡ್ಡಿ ಅಂಟುತ್ತದೆ. ಗೊತ್ತಾಗುವವರೆಗೆ ಮುಟ್ಟಿದ ಕೈ ಸೋಪಿನಿಂದ ತೊಳೆಯಿರಿ.

ಕೆಂಪು ಬಾಳೆಯ ಕಮಲಾಪುರದಿಂದ ಕಲಬುರಗಿಯ ಪಶುವೈದ್ಯರ ಬಳಿಗೆ ತರುವುದಾದರೆ ಬೆಳಗಿನ ತಂಪಿನಲ್ಲೇ, ಗಾಳಿಯಾಡುವ ಬುಟ್ಟಿಯಲ್ಲಿ ತನ್ನಿ. ಹಕ್ಕಳೆ ಕೀಳಬೇಡಿ; ಸೂಕ್ಷ್ಮದರ್ಶಕದಲ್ಲಿ ನೋಡಲು ವೈದ್ಯರಿಗೆ ಅದೇ ಬೇಕು. ಪ್ರೆಡ್ನಿಸೊಲೋನ್ ಕೊಟ್ಟರೆ ಬೆಕ್ಕಿಗೆ ನೀರಡಿಕೆ, ಹಸಿವು ಹೆಚ್ಚಾದೀತು. ಚರ್ಮ ಚೆಂದಾಯಿತೆಂದು ಗುಳಿಗೆ ಥಟ್ಟನೆ ನಿಲ್ಲಿಸಬಾರದು, ವೈದ್ಯರೇ ಮೆಲ್ಲಗೆ ಇಳಿಸುತ್ತಾರೆ. ಅಜ್ಜನ ಪ್ಯಾರಾಸಿಟಮಾಲ್ ಮಾತ್ರ ಎಂದಿಗೂ ಬೇಡ. ಅರ್ಧ ಗುಳಿಗೆಯೂ ಬೆಕ್ಕಿನ ಪ್ರಾಣ ತೆಗೆದೀತು.