ಬಾಕಿ ತೀರಿಸದೆ ಬಾಗಿಲೆಳೆದ ಕಂಪೆನಿ

ವ್ಯಾಪಾರ ಮಾಡಿ ಬೆಳೆಯುವುದು ಪಾಪವೆಂದು ನಾವು ಎಂದೂ ಹೇಳಿದವರಲ್ಲ. ಆದರೆ ಯಾರ ನೆಲವನ್ನು ಹಾಳುಗೆಡವಿ ಬೆಳೆದೆ ಎಂದು ಕೇಳುವ ಹಕ್ಕು ದುಡಿಯುವ ಜನಕ್ಕೆ ಉಂಟು.

ಲಂಡನ್ನಿನಲ್ಲಿ ಕಪ್ಪೆಚಿಪ್ಪು ಮಾರುತ್ತಿದ್ದ ಒಂದು ಅಂಗಡಿ ಶೆಲ್ ಎಣ್ಣೆ ಕಂಪೆನಿಯ ಮೂಲ. ಅಂಗಡಿಕಾರನ ಮಕ್ಕಳು 1897ರಲ್ಲಿ ಕಂಪೆನಿ ಕಟ್ಟಿದರು. 1907ರಲ್ಲಿ ಡಚ್ಚರ ಎಣ್ಣೆ ಕಂಪೆನಿಯೊಡನೆ ಕೂಡಿಕೊಂಡರು. ನಮ್ಮ ಹಿರಿಯರು ದೀಪಕ್ಕೆ ಸುರಿದದ್ದೂ ಬರ್ಮಾ-ಶೆಲ್ಲಿನ ಸೀಮೆಎಣ್ಣೆಯನ್ನೇ. ಆ ವ್ಯಾಪಾರವನ್ನು ಭಾರತ ಸರಕಾರ 1976ರಲ್ಲಿ ವಶಕ್ಕೆ ತೆಗೆದುಕೊಂಡಿತು. 2022ನೇ ಇಸವಿ ಒಂದರಲ್ಲೇ ಶೆಲ್ಲಿನ ಲಾಭ ಸುಮಾರು 4,000 ಕೋಟಿ ಡಾಲರು!

ಈ ಸಂಪತ್ತಿನ ಒಂದು ಪಾಲು ಆಫ್ರಿಕದ ನೈಜೀರಿಯದಿಂದ ಬಂದದ್ದು. ನೈಜರ್ ನದಿಯ ಮುಖಜ ಭೂಮಿಯ ಒಲೊಯ್‌ಬಿರಿಯಲ್ಲಿ 1956ರಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿನವರು ಮೀನು ಹಿಡಿದು, ಗೆಣಸು ಬೆಳೆದು ಬದುಕಿದವರು. ಅವರಿಗೆ ಸಿಕ್ಕಿದ್ದೇನು? ಕೊಳವೆ ಒಡೆದು ಕಪ್ಪಾದ ತೊರೆ, ಹಗಲಿರುಳು ಗ್ಯಾಸು ಸುಡುವ ಬೆಂಕಿ. ಈ ಬೆಂಕಿ ಜನರ ಬದುಕುವ ಹಕ್ಕಿಗೆ ವಿರುದ್ಧವೆಂದು ಅಲ್ಲಿಯ ನ್ಯಾಯಾಲಯವೇ 2005ರಲ್ಲಿ ತೀರ್ಪಿತ್ತು ನಿಲ್ಲಿಸಲು ಹೇಳಿತು. ಬೆಂಕಿ ಆರಲಿಲ್ಲ.

ಒಗೋನಿ ಜನ ಎದ್ದು ನಿಂತರು. 1993ರಲ್ಲಿ ಶೆಲ್ ಅವರ ನೆಲದಲ್ಲಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಬೇಕಾಯಿತು. ಮುಂದಾಳು, ಲೇಖಕ ಕೆನ್ ಸಾರೋ-ವೀವಾ ಮತ್ತು ಎಂಟು ಮಂದಿ ಸಂಗಾತಿಗಳನ್ನು ಸೈನಿಕ ಸರಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಅವರ ಬಂಧುಗಳು ಹೂಡಿದ ದಾವೆಯಲ್ಲಿ, ತಪ್ಪೊಪ್ಪದೆಯೇ, ಶೆಲ್ 2009ರಲ್ಲಿ 1 ಕೋಟಿ 55 ಲಕ್ಷ ಡಾಲರು ತೆತ್ತು ರಾಜಿ ಮಾಡಿಕೊಂಡಿತು.

ಕೊಳವೆ ಕೊರೆಯುವ ಕಳ್ಳರಿಂದಲೇ ಎಣ್ಣೆ ಸೋರುತ್ತದೆ ಎಂಬುದು ಕಂಪೆನಿಯ ವಾದ. ಕಳ್ಳತನ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2008ರಲ್ಲಿ ಬೋಡೋ ಎಂಬಲ್ಲಿ ಎರಡು ಸಲ ಎಣ್ಣೆ ಹರಿದದ್ದು ಯಾವ ಕಳ್ಳನಿಂದ? ತನ್ನ ಸಲಕರಣೆಯೇ ಕೆಟ್ಟಿತ್ತೆಂದು ಕಂಪೆನಿ ಒಪ್ಪಿತು. ಮೊದಲು ಊರಿಗೆಲ್ಲ ಸೇರಿಸಿ 4,000 ಪೌಂಡು ಕೊಡಬಂದರೆಂದು ಜನರ ವಕೀಲರು ಹೇಳಿದ್ದಾರೆ. ಜನ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2015ರಲ್ಲಿ, ಅದು ಐದೂವರೆ ಕೋಟಿ ಪೌಂಡಾಯಿತು! ಒಗ್ಗಟ್ಟಿನ ಬೆಲೆ ಇಷ್ಟು ಎಂಬುದನ್ನು ಮಿಲ್ಲಿನ ಕಾರ್ಮಿಕ ಬಂಧುಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ವಸಂಸ್ಥೆಯ ಪರಿಸರ ಶಾಖೆ 2011ರಲ್ಲಿ ಒಗೋನಿ ನಾಡನ್ನು ಪರೀಕ್ಷಿಸಿ, ಶುದ್ಧಿಗೆ 25ರಿಂದ 30 ವರ್ಷ ಬೇಕು, ಮೊದಲ ಐದು ವರ್ಷಕ್ಕೇ 100 ಕೋಟಿ ಡಾಲರು ಬೇಕು ಎಂದಿತು. ಒಂದು ಊರಿನ ಬಾವಿನೀರಿನಲ್ಲಿ ಬೆಂಜೀನ್ ವಿಷ ಮಿತಿಗಿಂತ 900 ಪಟ್ಟು ಹೆಚ್ಚು! ಆ ಊರಿನ ಪಕ್ಕ ಹಾದದ್ದು ನೈಜೀರಿಯದ ಸರಕಾರಿ ಕಂಪೆನಿಯ ಕೊಳವೆ. ಶೆಲ್ ನಡೆಸುತ್ತಿದ್ದ ಜಂಟಿ ವ್ಯವಹಾರದಲ್ಲಿಯೂ ನೂರಕ್ಕೆ 55 ಪಾಲು ಆ ಸರಕಾರಿ ಕಂಪೆನಿಯದೇ. ಬರಿಯ ಸರಕಾರಿ ಫಲಕ ಸಾಲದು, ಜನರ ಹತೋಟಿ ಬೇಕು ಎಂದು ಸಮಾಜವಾದಿಗಳು ಹೇಳುವುದು ಇದಕ್ಕಾಗಿಯೇ.

ಇಷ್ಟಾದ ಮೇಲೆ 2025ರ ಮಾರ್ಚಿಯಲ್ಲಿ ಶೆಲ್ ತನ್ನ ನೆಲದ ಮೇಲಿನ ವ್ಯವಹಾರವನ್ನು ಐದು ಕಂಪೆನಿಗಳ ಒಂದು ಕೂಟಕ್ಕೆ ಮಾರಿತು. ಆಳಸಮುದ್ರದ ಎಣ್ಣೆಯನ್ನು ಉಳಿಸಿಕೊಂಡಿತು. ಕೊಳೆ ಅವರಿಗೆ, ಕೆನೆ ತನಗೆ!

ನಮ್ಮ ಪೇಟೆಯ ಸಣ್ಣ ವರ್ತಕ ಅಂಗಡಿ ಮುಚ್ಚಬೇಕಾದರೆ ತೆರಿಗೆ, ಬಾಡಿಗೆ, ಆಳಿನ ಸಂಬಳ ಎಲ್ಲ ತೀರಿಸಬೇಕು. ಒಂದು ಕಾಸು ಉಳಿದರೂ ಜವಾನ ಬಾಗಿಲಿಗೆ ಬರುತ್ತಾನೆ. ಹೆಡ್ಡಾಫೀಸು ದೂರವಿದ್ದರೆ ಸಾಲ ಮಾಫಿಯೇ? ಅಲ್ಲವೆಂಬ ದಾರಿಯನ್ನು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೆರೆದಿದೆ: ಒಗಾಲೆ, ಬಿಲ್ಲೆ ಊರುಗಳ ಜನ ಮೂಲ ಕಂಪೆನಿಯ ಮೇಲೆಯೇ ಲಂಡನ್ನಿನಲ್ಲಿ ದಾವೆ ನಡೆಸಬಹುದೆಂದಿದೆ.

ನಮ್ಮ ಒತ್ತಾಯ ಇಷ್ಟೇ. ಹಾಳುಗೆಡವಿದವನೇ ಸರಿಪಡಿಸಲಿ. ಶುದ್ಧಿಯ ಹಣವನ್ನು ಮೊದಲು ಠೇವಣಿ ಇಡದೆ ಯಾವ ಕಂಪೆನಿಯೂ, ಪರದೇಶದ್ದಾಗಲಿ ಸ್ವದೇಶದ್ದಾಗಲಿ, ಖಾಸಗಿಯಾಗಲಿ ಸರಕಾರದ್ದಾಗಲಿ, ಊರು ಬಿಡಬಾರದು. ಲಾಭದ ಲೆಕ್ಕ ಬರೆದ ಪುಸ್ತಕದಲ್ಲಿಯೇ ಬಾವಿನೀರಿನ ಲೆಕ್ಕವನ್ನೂ ಬರೆಯಿಸುವವರೆಗೆ ದುಡಿಯುವ ಜನ ಸುಮ್ಮನಿರಕೂಡದು.