ಡೀಸೆಲ್ ಬ್ಯಾರಲ್ಲು ಹಗೇವು ಅಲ್ರೀ!

ನಮ್ಮ ಬಾಗಲಕೋಟೆ ಕಡೆ ಮಂದಿಗೆ ಕೂಡಿಡೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಳವನ್ನ ಹಗೇವಿಗೆ ಹಾಕಿ ಬರಗಾಲ ದಾಟಿದ ನೆಲ ಇದು. ನೀರು ಹಿಡಿದಿಡಬೇಕು ಅನ್ನಿಸಿದಾಗ ರೈತರೇ ದುಡ್ಡು ಹಾಕಿ, ಬೆವರು ಸುರಿಸಿ, 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಆದ್ರೆ ಡೀಸೆಲ್ ವಿಷಯಕ್ಕೆ ಬಂದ್ರೆ ಮಾತ್ರ "ಎಣ್ಣಿ ಎಲ್ಲಿ ಕೆಡತೈತ್ರೀ?" ಅಂತ ನಿಶ್ಚಿಂತೆಯಿಂದ ಇದ್ದುಬಿಡ್ತೀವಿ.

ಕೆಡುತ್ತೆ. ಅದನ್ನೇ ಹೇಳೋಕೆ ಈ ಬರಹ.

ಮುಧೋಳ, ಬೀಳಗಿ ಕಡೆ ಹೊಳೆ ದಂಡೆಯ ತೋಟದಲ್ಲಿ ಡೀಸೆಲ್ ಎಂಜಿನ್ನಿಗೆ, ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಜನರೇಟರಿಗೆ ಅಂತ ಎಣ್ಣೆ ತಂದಿಡೋರು ಇದ್ದಾರೆ. ದರ ಏರುತ್ತೆ ಅನ್ನೋ ಸುದ್ದಿ ಬಂದ್ರಂತೂ ಎರಡು ಕ್ಯಾನು ಜಾಸ್ತಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ರಸ್ತೆಗಳೇ ಮುಳುಗಿದ್ದನ್ನ ಕಂಡವರು ಒಂದಿಷ್ಟು ಎಣ್ಣೆ ಮನೇಲಿರಲಿ ಅಂದ್ರೆ ಅದು ತಪ್ಪೇನಲ್ಲ. ನನ್ನ ತಕರಾರು ಇರೋದು ಅದನ್ನ ತಂದಿಟ್ಟು ಮರೆತುಬಿಡೋದರ ಬಗ್ಗೆ.

ಹಗೇವಿನಲ್ಲಿ ಜೋಳ ಯಾಕೆ ಉಳಿಯುತ್ತೆ? ಒಳಗೆ ತೇವ ಇಲ್ಲ, ಗಾಳಿ ಆಡಲ್ಲ. ಡೀಸೆಲ್‌ಗೂ ಬೇಕಾಗಿರೋದು ಅದೇ. ಆದ್ರೆ ನಾವು ಬ್ಯಾರಲ್ಲನ್ನ ವಾರಕ್ಕೆರಡು ಸಲ ತೆರೀತೀವಿ, ಅರ್ಧ ಖಾಲಿ ಮಾಡಿ ತಗಡಿನ ಶೆಡ್ಡಿನಲ್ಲಿ ಬಿಡ್ತೀವಿ. ಖಾಲಿ ಭಾಗದಲ್ಲಿ ಗಾಳಿ ತುಂಬುತ್ತೆ. ಹಗಲು ಕಾದು ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಹನಿಯಾಗಿ ತಳಕ್ಕೆ ಇಳಿಯುತ್ತೆ. ಎಣ್ಣೆ ಮತ್ತು ನೀರು ಸೇರೋ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೀತವೆ. ಕಪ್ಪು ಲೋಳೆ ಆಗುತ್ತೆ, ಫಿಲ್ಟರ್ ಕಟ್ಟುತ್ತೆ. ಬೇಕಾದ ದಿನವೇ ಎಂಜಿನ್ ಕೆಮ್ಮುತ್ತೆ :-)

ಬಿಸಿಲಂತೂ ಇನ್ನೂ ದೊಡ್ಡ ಶತ್ರು. 20 ಡಿಗ್ರಿಯ ಆಸುಪಾಸಿನಲ್ಲಿ ವರ್ಷ ತಾಳೋ ಡೀಸೆಲ್ಲು 30 ಡಿಗ್ರಿ ದಾಟಿದ ಕಡೆ 6ರಿಂದ 12 ತಿಂಗಳು ಅಂತ ಸಾಮಾನ್ಯ ಲೆಕ್ಕ. ನಮ್ಮ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತೇ ಇದೆ.

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಚಳಿಗಾಲಕ್ಕೆ ಮನೆ ಬೆಚ್ಚಗಿಡೋಕೆ ನೆಲಮಾಳಿಗೆಯಲ್ಲಿ 275 ಗ್ಯಾಲನ್, ಅಂದ್ರೆ ಸುಮಾರು 1,040 ಲೀಟರಿನ ಎಣ್ಣೆ ಟ್ಯಾಂಕು ಇಟ್ಟಿರ್ತಾರೆ. ಆ ಎಣ್ಣೆ ನಮ್ಮ ಡೀಸೆಲ್‌ನ ಖಾಸಾ ತಮ್ಮ. ನೀರಿನ ಹನಿ ಕಟ್ಟದಿರಲಿ ಅಂತ ಬೇಸಿಗೆಯಲ್ಲೂ ಟ್ಯಾಂಕ್ ತುಂಬಿಸಿಡಿ ಅನ್ನೋದು ಅಲ್ಲಿನ ಹಳೇ ಬುದ್ಧಿವಾದ. ಅಷ್ಟು ಚಳಿಯ ದೇಶದವರೇ ಇಷ್ಟು ಜಾಗ್ರತೆ ಮಾಡಿದ್ರೆ ನಾವು?

ಮಾಡಬೇಕಾದ್ದು ಕಷ್ಟದ್ದೇನಲ್ಲ. ಎರಡು-ಮೂರು ತಿಂಗಳಿಗೆ ಆಗುವಷ್ಟೇ ತರ್ರಿ, ಕ್ಯಾನಿನ ಮೇಲೆ ತಾರೀಖು ಬರೀರಿ, ಹಳೇದನ್ನ ಮೊದಲು ಸುಟ್ಟು ಹೊಸದನ್ನ ತುಂಬ್ರಿ. ಬ್ಯಾರಲ್ಲು ನೆರಳಲ್ಲಿರಲಿ. ನೆಟ್ಟಗೆ ನಿಲ್ಲಿಸಿದ್ರೆ ಮೇಲೆ ನಿಂತ ಮಳೆನೀರನ್ನ ಬಿರಡೆ ಒಳಗೆಳೆದುಕೊಳ್ಳುತ್ತೆ, ಅದಕ್ಕೇ ತುಸು ಓರೆ ಮಾಡಿ ಇಡ್ರಿ. ತಳದ ಎರಡು ಇಂಚು ಎಣ್ಣೆ ಎಂಜಿನ್ನಿಗೆ ಬೇಡ. ಜಿಂಕ್ ಲೇಪದ ಡಬ್ಬಿ, ತಾಮ್ರ-ಹಿತ್ತಾಳೆ ಪಾತ್ರೆ ಬೇಡವೇ ಬೇಡ, ಅವು ಎಣ್ಣೆ ಕೆಡೋದನ್ನ ಇನ್ನೂ ಚುರುಕು ಮಾಡ್ತವೆ. ಅನುಮಾನ ಬಂದ್ರೆ ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಬಿಟ್ಟು ನೋಡ್ರಿ. ತಿಳಿಯಾಗಿದ್ರೆ ಸರಿ, ಮಬ್ಬಾಗಿದ್ರೆ ನೀರು ಸೇರಿದೆ ಅಂತಲೇ ಲೆಕ್ಕ. ಹೊಳೆ ದಂಡೆಯವರು ಬ್ಯಾರಲ್ಲು ಕಟ್ಟಿಹಾಕೋದು ಮರೀಬೇಡ್ರಿ: ಡೀಸೆಲ್ ನೀರಿಗಿಂತ ಹಗುರ, ತುಂಬಿದ ಬ್ಯಾರಲ್ಲೂ ತೇಲಿ ಹೋಗಿ ಯಾರದೋ ಬಾವಿ ಕೆಡಿಸೀತು.

ಪೆಟ್ರೋಲ್ ಕಥೆ ಇನ್ನೂ ಸೂಕ್ಷ್ಮ. ನಮ್ಮದೇ ಕಬ್ಬಿನ ನಾಡು ಕೊಡೋ ಎಥೆನಾಲ್ ಈಗ ಅದರಲ್ಲಿ 20%ವರೆಗೂ ಇರುತ್ತೆ. ಎಥೆನಾಲ್ ನೀರನ್ನ ಎಳೆದುಕೊಳ್ಳುತ್ತೆ, ನೀರು ಹೆಚ್ಚಾದ್ರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತೆ. ಔಷಧಿ ಹೊಡಿಯೋ ಪಂಪಿನ ಟ್ಯಾಂಕಿನಲ್ಲಿ ಅದನ್ನ ತಿಂಗಳುಗಟ್ಟಲೆ ಬಿಡಬೇಡ್ರಿ.

1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ 2,500 ಲೀಟರ್ ಡೀಸೆಲ್ ಇಡೋಕೆ ಅವಕಾಶ ಇದೆ, ಒಂದೊಂದು ಪಾತ್ರೆ 1,000 ಲೀಟರ್ ಮೀರಬಾರದು ಅಷ್ಟೇ. ಸ್ವಂತಕ್ಕೆ ಇಡೋ ಪೆಟ್ರೋಲಿಗಾದ್ರೆ ಬರೀ 30 ಲೀಟರ್. ಕಾನೂನು ಬಿಟ್ಟಿದೆ ಅಂತ ಅಡುಗೆಮನೆ ಪಕ್ಕದಲ್ಲಿ ಇಡೋದು ಮಾತ್ರ ಜಾಣತನ ಅನ್ನಿಸಿಕೊಳ್ಳಲ್ಲ.

ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಒಂದು ಮಾತಿದೆ: ಒಮ್ಮೆಯೂ ತೆಗೆದು ಪರೀಕ್ಷೆ ಮಾಡದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ. ಬ್ಯಾರಲ್ಲಿನ ಎಣ್ಣೆಗೂ ಅದೇ ಅನ್ವಯ. ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ-ಗೊಬ್ಬರದ ಜೊತೆ ಇದನ್ನೂ ನಾಲ್ಕು ಮಾತು ಹೇಳಿದ್ರೆ ಎಷ್ಟೋ ಪಂಪುಗಳು ಉಳಿದಾವು ಅಂತ ನನ್ನ ಅನಿಸಿಕೆ.

ನಿಮ್ಮೂರಲ್ಲಿ ಹೆಂಗಿಡ್ತಾರೆ? ಏನಂತೀರಿ?